ಇಳಿಯೋದಕ್ಕೆ ಬೇರೆ ಚಾರ್ಜು

"ನಿಮ್ಮ ಟಿಕೆಟ್ಟು ಹಾರೋದಕ್ಕೆ ಮಾತ್ರ ಸರ್. ಇಳಿಯೋದಕ್ಕೆ ಬೇರೆ ಚಾರ್ಜು," ಎಂದು ಗಗನಸಖಿ ಹಲ್ಲು ಕಿರಿದಳು.

ಚೀಲಕ್ಕೆ, ಸೀಟ್ ಬೆಲ್ಟಿಗೆ, ಕಡೆಗೆ ಉಸಿರಾಡುವ ಗಾಳಿಗೂ ವಸೂಲಿ ಮಾಡಿ ಆಗಲೇ ನನ್ನ ಜೇಬು ಬೋಳಿಸಿದ್ದರು. ವಿಮಾನ ಕಲಬುರಗಿಯಲ್ಲಿ ನಿಂತಿತು. ದುಡ್ಡಿದ್ದವರು ಇಳಿದರು. ಉಳಿದವರನ್ನು ಹೊತ್ತುಕೊಂಡು ಅದು ಮತ್ತೆ ಹಾರಿತು.

ಅಷ್ಟರಲ್ಲಿ ತಂಗಿಯ ಫೋನು. "ಅಣ್ಣಾ, ಎಲ್ಲಿದ್ದೀಯೋ? ಮುಹೂರ್ತ ಮೀರ್ತಿದೆ. ಸೋದರಮಾವ ನೀನೇ ಇಲ್ಲದಿದ್ರೆ ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋರು ಯಾರು?"

"ನಿನ್ನ ತಲೆ ಮೇಲೇ ಇದ್ದೀನಿ ಕಣೇ. ಇಳಿಸ್ತಿಲ್ಲ ಈ ದರಿದ್ರದವರು."

"ಇಳಿಯೋ ಚಾರ್ಜು ಕಟ್ಟದೆ ಯಾರಾದ್ರೂ ವಿಮಾನ ಹತ್ತುತ್ತಾರಾ? ನಿನ್ನ ಜಿಪುಣತನಕ್ಕೆ ಬೆಂಕಿ ಬೀಳಲಿ!" ಅಳುತ್ತಲೇ ಫೋನಿಟ್ಟಳು.

ಮದುವೆಯ ಶಾಮಿಯಾನವನ್ನಾದರೂ ನೋಡೋಣವೆಂದರೆ ಕಿಟಕಿಯ ಪರದೆ ಸರಿಸಲೂ ಚಾರ್ಜಂತೆ. ಸೋದರಸೊಸೆಗೆಂದು ತಂದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಪಕ್ಕದ ಸೀಟಿನ ಸೂಗಪ್ಪನವರು ಹೋದ ವರ್ಷದ ಯುಗಾದಿಯಿಂದ ಮೇಲೆಯೇ ಇದ್ದಾರೆ. ಸೀಟಿನಿಂದ ಸೀಟಿಗೆ ಹಗ್ಗ ಕಟ್ಟಿ ಬನಿಯನ್ನು ಒಣಹಾಕುತ್ತಾ ನನ್ನನ್ನು ಸಮಾಧಾನ ಮಾಡಿದರು.

"ನಾ ಮೊಮ್ಮಗನ ತೊಟ್ಟಿಲ ಕಾರ್ಯಕ್ಕ ಹೊಂಟಿದ್ದೆರಿ. ಕೂಸು ಈಗ ಓಡ್ಯಾಡ್ತದಂತ. ಆದ್ರ ಏನೇ ಅನ್ರಿ, ಟಿಕೆಟ್ ಮಾತ್ರ ಭಾಳ ಸಸ್ತಾ ಸಿಕ್ಕಿತ್ತು ನೋಡ್ರಿ!"