ನಿಜವಾಗಿ ಬಿದ್ದ ದಿನ

ಹದಿನಾರು ವರ್ಷದ ಫುಟ್‌ಬಾಲ್‌ಗೆ ಓಡ್ವಾರ್ ತೆತ್ತ ಬೆಲೆ ಎರಡು ಹಲ್ಲು, ಒಂದು ಮೊಣಕಾಲು, ಒಬ್ಬ ಹೆಂಡತಿ. ನಿವೃತ್ತನಾಗಿ ನಾರ್ವೆಯ ತನ್ನ ಸಣ್ಣ ಊರಿಗೆ ಮರಳಿದ ಚಳಿಗಾಲದಲ್ಲೇ ಬೀದಿಯ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ. ಅದೂ ಯಾರ ಮನೆಯ ಮುಂದೆ? ಹಿಂದೊಮ್ಮೆ ಅವನ ತಂಡದ ಕಪ್ ಫೈನಲ್ ನಡೆಸಿದ್ದ ಮುದುಕ ರೆಫರಿಯ ಮನೆಯ ಮುಂದೆ.

ರೆಫರಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು.

“ಏಳಯ್ಯಾ, ಇಲ್ಲಿ ಪ್ರೇಕ್ಷಕರಿಲ್ಲ.”

“ಕಾಲು ಮುರಿದಿದೆ ಸಾರ್. ಆಂಬುಲೆನ್ಸ್ ಕರೀರಿ.”

“ಫೈನಲ್‌ನಲ್ಲೂ ಹೀಗೇ ಹೊರಳಾಡಿದೆ. ನಂಬಿ ಪೆನಾಲ್ಟಿ ಕೊಟ್ಟೆ. ಅವತ್ತಿಂದ ಊರೆಲ್ಲ ನನ್ನನ್ನ ಕುರುಡ ಅನ್ನುತ್ತೆ.”

“ಅವತ್ತು ನಾಟಕ ಸಾರ್. ನನ್ನನ್ನ ಯಾರೂ ಮುಟ್ಟಿರಲಿಲ್ಲ. ಇವತ್ತು ನಿಜ, ತಾಯಾಣೆ.”

“ಇನ್ನೊಂದ್ಸಲ ಹೇಳು.”

“ಅವತ್ತು ನಾನೇ ಬಿದ್ದೆ. ಸಾಕಾ?”

ರೆಫರಿ ಒಳಗೆ ಹೋಗಿ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ದಪ್ಪ ಕಂಬಳಿ ತಂದು ಅವನಿಗೆ ಹೊದಿಸಿ, ತಲೆಯ ಕೆಳಗೆ ದಿಂಬಿಟ್ಟರು. ಲೋಟದಲ್ಲಿ ಉಳಿದಿದ್ದ ಕಾಫಿಯನ್ನೂ ಕುಡಿಸಿದರು. ಆಮೇಲೆ ನೆಟ್ಟಗೆ ನಿಂತು ಜೇಬಿಗೆ ಕೈ ಹಾಕಿದರು.

ಕಾಲು ಎರಡು ಕಡೆ ನಿಜವಾಗಿಯೂ ಮುರಿದಿತ್ತು. ಆದರೆ ಆಸ್ಪತ್ರೆಗೆ ಹೊರಡುವ ಮೊದಲೇ ಓಡ್ವಾರ್‌ಗೆ, ಹನ್ನೆರಡು ವರ್ಷದ ಹಿಂದಿನ ನಾಟಕಕ್ಕಾಗಿ, ಹಳದಿ ಕಾರ್ಡ್ ಸಿಕ್ಕಿತು.