ಕೆಂಪು ಗೆರೆಯ ಇಪ್ಪತ್ತಮೂರು ವರ್ಷ

ಮೆಕ್ಕೆಜೋಳದ ಹೊಲಗಳು ಮುಗಿದು ಮತ್ತೆ ಮೆಕ್ಕೆಜೋಳದ ಹೊಲಗಳು ಶುರುವಾಗುವ ನಡುವೆ ಒಂದು ಊರಿತ್ತಂತೆ. ಆ ಊರಿನ ನಡುಬೀದಿಗೆ ಮುಪ್ಪು ಬಂದಿತ್ತಂತೆ. ಆಗ ಒಬ್ಬಳು ಬಂದು, ನಕ್ಷೆಯ ಮೇಲೆ ಆ ಬೀದಿಯ ಸುತ್ತ ಕೆಂಪು ಗೆರೆ ಎಳೆದಳಂತೆ. ಗೆರೆಯೊಳಗಿನ ಕಟ್ಟಡಗಳ ಬೆಲೆ ಏರಿದರೆ, ಹಾಗೆ ಹೆಚ್ಚಿದ ತೆರಿಗೆ ಗೆರೆ ದಾಟಿ ಹೊರಗೆ ಹೋಗುವ ಹಾಗಿಲ್ಲ. ಮತ್ತೆ ಅದೇ ಬೀದಿಗೆ ಸುರಿಯಬೇಕು. ಶಾಲೆಗೂ ಇಲ್ಲ, ಗ್ರಂಥಾಲಯಕ್ಕೂ ಇಲ್ಲ. ಇಪ್ಪತ್ತಮೂರು ವರ್ಷ.

ಕಥೆಯಲ್ಲಾದರೆ ಅವಳನ್ನು ರಾಣಿ ಎನ್ನಬಹುದಿತ್ತು. ಇಲಿನಾಯ್ ರಾಜ್ಯದ ಆಲ್ಡನ್ ಫೋರ್ಕಿನಲ್ಲಿ ಅವಳನ್ನು ಕಳ್ಳಿ ಎನ್ನುತ್ತಿದ್ದರು. ಹೆಸರು ಲೊರೇನ್ ಪ್ರೊಖಾಸ್ಕಾ. ನಗರಸಭೆಯಲ್ಲಿ ಆ ಗೆರೆಯೊಳಗಿನ ವಲಯದ ವ್ಯವಸ್ಥಾಪಕಿ.

“ಮತ್ತೆ ಬಂದ್ಯಾ?” ಎಂದಳು ವರ್ನಾ ಟಿಬೆಟ್ಸ್, ತಲೆ ಎತ್ತದೆ. ವರ್ನಾ ಊರಿನ ಶಾಲೆಯ ಮುಖ್ಯಸ್ಥೆ. ಅವಳ ಮೇಜಿನ ಪಕ್ಕದಲ್ಲೇ ಒಂದು ಬಕೆಟ್ಟು. ಸೋರುವ ಮಾಡಿನಿಂದ ಅದಕ್ಕೆ ತಟಕ್ ತಟಕ್ ನೀರು. ಹೊರಗಿನ ಓಣಿಯಲ್ಲಿ ಇನ್ನೂ ಒಂಬತ್ತು ಬಕೆಟ್ಟು.

“ಬಂದೆ,” ಎಂದಳು ಲೊರೇನ್. ಮೂರು ವಾರದಲ್ಲಿ ಇದು ನಾಲ್ಕನೇ ಸಲ. ಮೊದಲ ಪತ್ರವನ್ನು ವರ್ನಾ ಓದದೆ ಹರಿದಿದ್ದಳು. ಎರಡನೆಯದನ್ನು ಒಡೆಯದೆ ವಾಪಸು ಕಳಿಸಿದ್ದಳು. ಮೂರನೆಯದು ಕಾಫಿ ಲೋಟದ ಅಡಿಗೆ ಹೋಗಿತ್ತು. ಫೋನು ಮಾಡಿದರೆ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು.

ಲೊರೇನಳ ಹಿಂದೆ ಬಾಗಿಲಿಗೊರಗಿ ನಿಂತಿದ್ದವನು ಡ್ವೇಯ್ನ್, ಮೇಯರ್ ಸಾಹೇಬರ ಬಲಗೈ. ನಾಲ್ಕು ಸಲವೂ ಜೊತೆಗೆ ಬಂದಿದ್ದ. ವರ್ನಾ ಏನಾದರೂ ಎತ್ತಿ ಹೊಡೆದರೆ ಅಡ್ಡ ನಿಲ್ಲೋಕೆ ಕಳಿಸಿರಬೇಕು ಎಂದು ಊರವರು ನಗುತ್ತಿದ್ದರು.

ಈ ಡಿಸೆಂಬರಿಗೆ ಗೆರೆಗೆ ಇಪ್ಪತ್ತಮೂರು ತುಂಬುತ್ತಿತ್ತು. ಮೇಯರಿಗೆ ಇನ್ನೂ ಹನ್ನೆರಡು ವರ್ಷ ಬೇಕಿತ್ತು. ಅದಕ್ಕೆ ಶಾಲೆಯನ್ನು ಕೇಳಲೇಬೇಕೆಂದು ನಿಯಮ; ಪತ್ರದಲ್ಲಿ ಕೇಳಿದ್ದೂ ಆ ಒಪ್ಪಿಗೆಯನ್ನೇ. ಹನ್ನೆರಡು ಸಿಕ್ಕರೆ ಶಾಲೆ ಮುಚ್ಚುತ್ತದೆ. ಮಕ್ಕಳು ಮೂವತ್ತು ಮೈಲಿ ಬಸ್ಸಿನಲ್ಲಿ ಕೂತು, ಫುಟ್‌ಬಾಲಿನಲ್ಲಿ ತಮ್ಮನ್ನು ಸದಾ ಬಡಿಯುವ ಮೊರ್ಲೆ ಊರಿನ ಶಾಲೆಗೆ ಹೋಗಬೇಕು.

“ಗೆರೆ ಎಳೆದ ದಿನ ಜಿಮ್ನಾಸಿಯಂ ತುಂಬ ಜನ ಕೂತಿದ್ರು,” ಎಂದಳು ವರ್ನಾ. “‘ಅವಧಿ ಮುಗಿದ ದಿನ ಈ ಗೆರೆನ ನಾನೇ ಅಳಿಸ್ತೀನಿ’ ಅಂದೆ ನೀನು. ನಾನೂ ಚಪ್ಪಾಳೆ ತಟ್ಟಿದ್ದೆ ಕಣೇ. ಈಗ ನಾಚಿಕೆ ಆಗುತ್ತೆ, ನಿನಗಲ್ಲ, ನನಗೆ.”

“ಬೀದಿ ಚೆನ್ನಾಗಾಯ್ತಲ್ಲ, ವರ್ನಾ.”

“ಆಯ್ತಮ್ಮ ಆಯ್ತು. ಬೇಕರಿ ಆಯ್ತು, ಇಟ್ಟಿಗೆ ಹಾಸಿದ್ದಾಯ್ತು, ದೀಪದ ಕಂಬಕ್ಕೆ ಹೂಕುಂಡ ಆಯ್ತು. ಇಲ್ಲಿ ಮಕ್ಕಳು ಕೊಡೆ ಹಿಡಿದು ಗಣಿತ ಕಲೀತಾರೆ. ಹೋಗು, ನಿನ್ನ ಹೂಕುಂಡಕ್ಕೆ ಪಾಠ ಹೇಳು.”

ಡ್ವೇಯ್ನ್ ಮೆಲ್ಲಗೆ ಕೆಮ್ಮಿದ. “ನಡೀರಿ ಮೇಡಂ. ಬೈದು ಸಮಾಧಾನ ಮಾಡ್ಕೊಳ್ಳಲಿ ಪಾಪ.”

ಲೊರೇನ್ ಕದಲಲಿಲ್ಲ. ನಾಲ್ಕನೇ ಪತ್ರವನ್ನು ಮೇಜಿನ ಮೇಲಿಟ್ಟಳು. “ಇವತ್ತು ಐದು ಗಂಟೆಯೊಳಗೆ ಉತ್ತರ ಬೇಕು.”

“ಉತ್ತರ ಸೋಮವಾರ ಸಿಗುತ್ತೆ, ಸಭೆಯಲ್ಲಿ. ಮೈಕ್ ಮುಂದೆ ನನಗೂ ಮೂರು ನಿಮಿಷ ಇದೆ. ಚರ್ಮ ಸುಲೀತೀನಿ ನಿಂದು.”

ಊರಿನ ಯಾರು ಬೇಕಾದರೂ ಸಭೆಯಲ್ಲಿ ಮೂರು ನಿಮಿಷ ಮಾತಾಡಬಹುದು. ವರ್ನಾ ಇಪ್ಪತ್ತೆರಡು ವರ್ಷವೂ ಮಾತಾಡಿದ್ದಳು. ಒಂದು ಸಲ ಅತ್ತಿದ್ದಳು ಕೂಡ.

“ಮಾತಾಡಿ,” ಲೊರೇನ್ ನಕ್ಕಳು. ಚೂಪು ನಗು. “ಇಪ್ಪತ್ತೆರಡು ವರ್ಷ ಕೂಗಿ ಏನು ಕಿತ್ತಿರಿ? ನಿಮಗೆ ಬರೋದು ಬಾಯೊಂದೇ. ಮಕ್ಕಳ ಉತ್ತರಪತ್ರಿಕೆ ಬಿಟ್ಟು ಬೇರೆಲ್ಲಾದ್ರೂ ಪೆನ್ನು ಊರೋ ಧೈರ್ಯ ಇದ್ಯಾ?”

“ಮೇಡಂ!” ಎಂದ ಡ್ವೇಯ್ನ್. ಈ ಸಲ ದನಿ ಗಟ್ಟಿಯಾಗಿತ್ತು. “ಸಾಕು. ಹೊರಡೋಣ.”

ವರ್ನಾಳ ಮುಖ ಕೆಂಪಾಯಿತು. ಕೆಂಪು ಪೆನ್ನು ಎತ್ತಿದಳು. ಪತ್ರದ ಮೇಲೆ ಮೂಲೆಯಿಂದ ಮೂಲೆಗೆ, ಕಾಗದ ಹರಿಯುವ ಹಾಗೆ ಒತ್ತಿ ಬರೆದಳು: ಇಲ್ಲ. ಇನ್ನು ಒಂದು ದಿನವೂ ಇಲ್ಲ. ಕೆಳಗೆ ಸಹಿ. ಶಾಲೆಯ ಮೊಹರನ್ನೂ ಕುಟ್ಟಿದಳು. ಮುದುಡಿ ಲೊರೇನಳ ಮುಖಕ್ಕೆ ಎಸೆದಳು. “ತಗೋ! ಇನ್ನೊಂದು ಸಲ ಈ ಬಾಗಿಲು ತುಳಿದರೆ ಪೊಲೀಸರನ್ನ ಕರೀತೀನಿ.”

ಉಂಡೆ ಕೆನ್ನೆಗೆ ತಾಗಿ ಬಕೆಟ್ಟಿಗೆ ಬಿತ್ತು. ಲೊರೇನ್ ತೋಳಿನವರೆಗೆ ಕೈ ಅದ್ದಿ ತೆಗೆದಳು.

“ಕೊಡಿ, ನಾನೇ ಬಿಸಾಕ್ತೀನಿ,” ಡ್ವೇಯ್ನ್ ಕೈ ಚಾಚಿದ.

“ಮುಖಕ್ಕೆ ಹೊಡೆಸಿಕೊಂಡವಳು ನಾನು. ನನ್ನ ಹತ್ರಾನೇ ಇರಲಿ,” ಎಂದು ಕೋಟಿನ ಒಳಜೇಬಿಗೆ ಹಾಕಿಕೊಂಡಳು.

ನಗರಸಭೆಯ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಲೊರೇನ್ ಇಳಿದು ಓಡಿದಳು. ಅರವತ್ತೊಂದರ ಹೆಂಗಸು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಐದಕ್ಕೆ ಏಳು ನಿಮಿಷವಿತ್ತು.

ಕಿಟಕಿಯ ಹಿಂದಿದ್ದ ಗುಮಾಸ್ತೆ ಓಪಲ್ ಒದ್ದೆ ಕಾಗದ ಬಿಡಿಸಿದಳು. ಓದಿದಳು. ಮತ್ತೊಮ್ಮೆ ಓದಿದಳು. “ಇಷ್ಟು ವರ್ಷ ಶಾಲೆಯವರಿಂದ ಬರಹದಲ್ಲಿ ಒಂದಕ್ಷರ ಬಂದಿರಲಿಲ್ಲ ಲೊರೇನ್. ಮೈಕ್ ಮುಂದೆ ಆಡಿದ್ದು ನಮಗೆ ಲೆಕ್ಕಕ್ಕಿಲ್ಲ. ಬರೆದು ಕೊಡದಿದ್ರೆ ಒಪ್ಪಿಗೆ ಅಂತಲೇ ಅರ್ಥ.” ತಾರೀಖಿನ ಠಸ್ಸೆ ಎತ್ತಿ ತಡೆದಳು. “ಇದನ್ನ ಒತ್ತಿದ್ರೆ ವಿಸ್ತರಣೆ ಬಿದ್ದುಹೋಗುತ್ತೆ. ಒಂದೇ ಒಂದು ವಿರೋಧ ಸಾಕು. ಒತ್ತಲಾ?”

“ಒತ್ತಮ್ಮ.”

ಠಸ್ಸೆ ಬಿದ್ದ ಸದ್ದಿಗೆ ಡ್ವೇಯ್ನ್ ಏದುಸಿರು ಬಿಡುತ್ತ ಒಳಗೆ ನುಗ್ಗಿದ. “ಹುಚ್ಚೇನ್ರೀ ನಿಮಗೆ? ವಲಯ ಮುಚ್ಚಿದ್ರೆ ನಿಮ್ಮ ಕೆಲಸಾನೂ ಹೋಯ್ತಲ್ಲ! ಒಂದು ಒಪ್ಪಿಗೆ ತರ್ತೀನಿ ಅಂತ ನಾಲ್ಕು ಸಲ ಹೋದವರು ನೀವು!”

“ಒಪ್ಪಿಗೆ ತರ್ತೀನಿ ಅಂತ ಅಂದುಕೊಂಡವನು ನೀನು, ಡ್ವೇಯ್ನ್,” ಎಂದಳು ಲೊರೇನ್, ತೋಳಿನ ನೀರು ಹಿಂಡುತ್ತ. “ನಾನು ನಾಲ್ಕು ಸಲವೂ ಹೋಗಿದ್ದು ಈ ‘ಇಲ್ಲ’ಕ್ಕೇ.”