ಗೋಡೆ ಕಡೆಗೆ ನೋಟ

ಕೆಂಪು ಪೆನ್ನು ಬಿಚ್ಚಿದ ಭಾಗೀರಥಮ್ಮನವರ ಕೈ ಹಾಳೆಯ ಮೇಲೆ ಹಾಗೇ ನಿಂತುಬಿಟ್ಟಿತು. ನಲವತ್ತು ಪ್ರೇಮ ಕಾದಂಬರಿ ಬರೆದ ಕೈ ಅದು. ಎದುರಿಗೆ ಹೊಣಕೆರೆಯ ಅಣ್ಣಮ್ಮ, ತನ್ನ ಮೊದಲ ಕಾದಂಬರಿ ಅಚ್ಚಿಗೆ ಹೋದೀತೋ ಇಲ್ಲವೋ ಎಂದು ಕಾದು ಕೂತಿದ್ದಳು. ತಿದ್ದಬೇಕಾದ ಸಾಲಿಗೆಲ್ಲ ಮೊದಲೇ ಗೀಟು ಬಿದ್ದಿತ್ತು.

“ಯಾರೇ ಇಷ್ಟು ಚೆನ್ನಾಗಿ ತಿದ್ದಿಕೊಟ್ಟೋರು?”

“ನಮ್ಮೆಜಮಾನ್ರು, ಅಮ್ಮಾವ್ರೇ. ಲಕ್ವ ಹೊಡೆದು ಮೂರು ವರ್ಸ ಆಯ್ತು, ಮಾತಿಲ್ಲ, ಕೈ ಏಳಲ್ಲ. ಹಾಲು ಕರ್ದು ಬಂದು ಪಕ್ಕದಲ್ಲಿ ಕುಂತು ಬರ್ದಿದ್ದನ್ನ ಓದ್ತೀನಿ. ಸುಳ್ಳು ಅನ್ಸಿದ್ರೆ ಗೋಡೆ ಕಡೆ ನೋಡ್ತಾರೆ, ಗೀಟು ಎಳ್ದಾಕ್ತೀನಿ. ಅಯ್ಯೋ ಅನ್ಬ್ಯಾಡಿ. ಚೆನ್ನಾಗಿದ್ದಾಗ ಒಂದಿನಾನಾರ ನನ್ ಮಾತ ಇಷ್ಟು ಕೇಳಿದ್ರಾ?” ಅಣ್ಣಮ್ಮ ನಕ್ಕಳು.

ಭಾಗೀರಥಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ತಮ್ಮ ಹೊಸ ಕಾದಂಬರಿಯ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮಡಿಲಿಗಿಟ್ಟರು. “ನಿಂದು ನಾಳೆನೇ ಪ್ರಕಾಶಕರಿಗೆ ಕಳಿಸ್ತೀನಿ. ಇದನ್ನ ನಿಮ್ಮೆಜಮಾನ್ರಿಗೆ ಓದಿ ಹೇಳಮ್ಮ. ಗೋಡೆ ಕಡೆ ನೋಡಿದಲ್ಲೆಲ್ಲ ಗೀಟು ಎಳ್ಕೊಂಡು ಬಾ.”